ಅಮೀರ್ ಜಾನನ ತಿರುಗುವ ವಾಲ್ವು

ಅಮೀರ್ ಜಾನ್ ಜೀವಮಾನವಿಡೀ ಹಂಬಲಿಸಿದ್ದು ಒಂದೇ ಒಂದು ಸದ್ದಿಗಾಗಿ. ಅದನ್ನು ಅವನು ಹರೆಯದಲ್ಲಿ ಒಮ್ಮೆ ಕೇಳಿದ್ದ.

ಎರಡನೇ ಮಹಾಯುದ್ಧದ ವರ್ಷಗಳವು. ದಾವಣಗೆರೆಯಿಂದ ಬೆಂಗಳೂರಿನ ಸೈನ್ಯದ ವರ್ಕ್‌ಶಾಪಿಗೆ ಕೆಲಸಕ್ಕೆ ಹೋದವರಲ್ಲಿ ಅವನೂ ಒಬ್ಬ. ಅಲ್ಲಿದ್ದ ಇಂಗ್ಲಿಷ್ ಸಾರ್ಜೆಂಟನೊಬ್ಬನಿಗೆ ಒಂದು ಹುಚ್ಚಿತ್ತು. ಬಿಡುವು ಸಿಕ್ಕಾಗಲೆಲ್ಲ ತನ್ನ ಮೋಟಾರ್ ಸೈಕಲ್ಲಿನ ಇಂಜಿನ್ ಬಿಚ್ಚಿ, ಅದರ ವಾಲ್ವುಗಳನ್ನು ತೆಗೆದುಹಾಕಿ, ಬೇರೆ ಬಗೆಯ ವಾಲ್ವೊಂದನ್ನು ಕೂಡಿಸಲು ನೋಡುತ್ತಿದ್ದ. ಸಾಮಾನ್ಯ ಇಂಜಿನ್ನಿನಲ್ಲಿ ವಾಲ್ವು ಎಂದರೆ ಅಣಬೆಯಂಥ ಎರಡು ಕಬ್ಬಿಣದ ತುಂಡು. ಒಂದು ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಕ್ಕೆ. ಸ್ಪ್ರಿಂಗು ಅವನ್ನು ಮತ್ತೆ ಮತ್ತೆ ಬಡಿದು ಮುಚ್ಚುತ್ತದೆ. ನಾವು ಕೇಳುವ ಟಪಟಪ ಬಹುಪಾಲು ಆ ಬಡಿತವೇ. ಸಾರ್ಜೆಂಟನ ವಾಲ್ವು ಬಡಿಯುತ್ತಿರಲಿಲ್ಲ, ತಿರುಗುತ್ತಿತ್ತು. ಉಕ್ಕಿನ ಉರುಳೆಯೊಂದಕ್ಕೆ ಅಡ್ಡಲಾಗಿ ಕಂಡಿ ಕೊರೆದು ಸಿಲಿಂಡರಿನ ನೆತ್ತಿಯ ಮೇಲೆ ಮಲಗಿಸಿದ್ದ. ನೀರಿನ ನಲ್ಲಿಯ ಹಾಗೆ, ಕಂಡಿ ಎದುರಾದಾಗ ದಾರಿ, ತಿರುಗಿದಾಗ ಗೋಡೆ.

ಬರ್ಮಾಕ್ಕೆ ವರ್ಗವಾದ ಆ ಸಾರ್ಜೆಂಟ್ ಹೊರಡುವ ಹಿಂದಿನ ಸಂಜೆ ಗಾಡಿಯನ್ನು ಚಾಲೂ ಮಾಡಿದ. ಸುತ್ತಲಿದ್ದವರು ಚಾಲೂ ಆಗಲಿಲ್ಲವೆಂದುಕೊಂಡರು. ಅಮೀರ್ ಜಾನ್ ಕೈಯಿಟ್ಟು ನೋಡಿದ, ಇಂಜಿನ್ ನಡುಗುತ್ತಿತ್ತು. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರೆಳೆದು ಬಿಡುವಂಥ ಸದ್ದು ಅವನ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಹತ್ತಿತು. ಸಾರ್ಜೆಂಟ್ ಮರಳಿ ಬರಲಿಲ್ಲ. ಗಾಡಿ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ.

ಯುದ್ಧ ಮುಗಿದ ಮೇಲೆ ಅವನು ದಾವಣಗೆರೆಗೆ ಬಂದು ತಗಡಿನ ಶೆಡ್ಡೊಂದನ್ನು ಹಾಕಿದ. ಹರಿಹರದ ಕಡೆಯ ಹಳ್ಳಿಯೊಂದರ ಇಮಾಂಬೀಯನ್ನು ಮದುವೆಯಾದ. ಮನೆಯಲ್ಲಿ ಉರ್ದುಗಿಂತ ಕನ್ನಡವೇ ಹೆಚ್ಚು ಓಡಾಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಬೇರೆ ಗಂಡಸರು ಹೆಂಡತಿಗೆ ಏನು ಹೇಳುತ್ತಾರೋ, ಅವನು ಆ ಸದ್ದಿನ ಬಗ್ಗೆ ಹೇಳಿದ. ಇಮಾಂಬೀ ಮೊದಮೊದಲು ನಕ್ಕಳು. ಆಮೇಲೆ ಸವತಿಯೊಬ್ಬಳ ವಿಷಯ ಕೇಳುವವಳಂತೆ ಸುಮ್ಮನೆ ಕೇಳಿದಳು. ಎಷ್ಟೋ ವರ್ಷ ಕೇಳಿದ ಮೇಲೆ ಅವಳಿಗೂ ಅದರ ಮೇಲೆ ಒಂದು ಬಗೆಯ ಆಸೆ ಹುಟ್ಟಿತು.

ಪಿ.ಜೆ. ಬಡಾವಣೆಯ ಅಂಚಿನಲ್ಲಿ ಕೆಂಚವೀರಪ್ಪನವರ ಹಿಟ್ಟಿನ ಗಿರಣಿಯಿತ್ತು. ಅದನ್ನು ತಿರುಗಿಸುತ್ತಿದ್ದದ್ದು ಸೀಮೆಎಣ್ಣೆಯ ಹಳೆಯ ಇಂಜಿನ್. ಗಿರಣಿಗೆ ಕರೆಂಟು ಬರುವುದು ಖಚಿತವಾದಾಗ ಅಮೀರ್ ಜಾನ್ ಹೋಗಿ ಅದನ್ನು ಬೇಡಿಕೊಂಡ.

"ಇಂಜಿನ್ ತಲೆ ಬಿಚ್ಚಿ ನನ್ನ ವಾಲ್ವು ಹಾಕಿ ನೋಡ್ತೀನ್ರಿ ಸಾವ್ಕಾರ್ರೆ. ಒಂದ್ಸಲ."

"ಹಿಟ್ಟು ಬೀಸೋ ಟೈಮಿಗೆ ಅಡ್ಡ ಬರಬಾರ್ದು ನೋಡಪ," ಎಂದರು ಕೆಂಚವೀರಪ್ಪ. "ಕಾರ್ತಿಕದ ಮೊದಲನೇ ಸೋಮವಾರ ಮೋಟಾರು ಕೂಡಿಸ್ತಾರೆ. ಅಲ್ಲೀತನಕ ಈ ಮುದುಕ ನಿಂದು. ಆಮೇಲೆ ಗುಜರಿಗೆ."

ಹಾಗೆ ಅವನಿಗೆ ಸಿಕ್ಕಿದ್ದು ಒಂದು ಬೇಸಗೆ, ಒಂದು ಮಳೆಗಾಲ. ಉರುಳೆ ಮಾಡುವುದು ಕಷ್ಟವಾಗಲಿಲ್ಲ. ಸೈಕಲ್ ಚೈನಿನಿಂದ ಅದನ್ನು ತಿರುಗಿಸುವುದೂ ಆಯಿತು. ಕಾಡಿದ್ದು ಉರುಳೆಗೂ ಅದರ ಗೂಡಿಗೂ ನಡುವಿನ ಸಂದು. ಅಣಬೆ ವಾಲ್ವು ತನ್ನ ಸೀಟಿನ ಮೇಲೆ ಕೂತು ಬಾಯಿ ಮುಚ್ಚುತ್ತದೆ. ತಿರುಗುವ ವಾಲ್ವಿಗೆ ಕೂರುವುದೇ ಇಲ್ಲ. ಅದು ಓಡುತ್ತಲೇ ಮುಚ್ಚಬೇಕು. ಸಂದು ಬಿಗಿಮಾಡಿದರೆ ಬೆಂಕಿಯ ಕಾವಿಗೆ ಉರುಳೆ ಹಿಗ್ಗಿ ಕಚ್ಚಿಕೊಳ್ಳುತ್ತಿತ್ತು. ಸಡಿಲಮಾಡಿದರೆ ಸಿಲಿಂಡರಿನ ಒತ್ತಡವೆಲ್ಲ ಅಲ್ಲೇ ಪುಸ್ಸೆಂದು ಸೋರುತ್ತಿತ್ತು. ಎಣ್ಣೆ ಕಡಿಮೆಯಾದರೆ ಕಬ್ಬಿಣ ಕಬ್ಬಿಣವನ್ನು ಕೆರೆಯುತ್ತಿತ್ತು. ಹೆಚ್ಚಾದರೆ ಎಣ್ಣೆ ಒಳಗಿಳಿದು ನೀಲಿ ಹೊಗೆ ಎದ್ದು, ಬೀಸಲು ಬಂದ ಹೆಂಗಸರು ಸೆರಗು ಮೂಗಿಗೆ ಹಿಡಿದು ಶಾಪ ಹಾಕುತ್ತಿದ್ದರು. ಇಂಜಿನ್ ನಾಲ್ಕು ಉಸಿರು ತೆಗೆದು ಕೆಮ್ಮಿ ನಿಲ್ಲುತ್ತಿತ್ತು. ಅವನು ಮತ್ತೆ ಹಳೆಯ ತಲೆಯನ್ನು ಕೂಡಿಸಿ ಗಿರಣಿ ಬಿಟ್ಟುಕೊಡುತ್ತಿದ್ದ.

ಮಳೆಗಾಲದ ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ಸಂದು ಸಡಿಲವೇ ಇರಲಿ. ಕಂಡಿಯ ಸುತ್ತ ಬೀಡುಕಬ್ಬಿಣದ ಒಂದು ಬಳೆ ಇಟ್ಟು, ಅಡಿಯಿಂದ ಸಣ್ಣ ಸ್ಪ್ರಿಂಗುಗಳಿಂದ ಉರುಳೆಗೆ ಒತ್ತಿಸಿದರೆ? ಉರುಳೆ ಹಿಗ್ಗಿದಾಗ ಬಳೆ ಹಿಂದೆ ಸರಿಯುತ್ತದೆ, ಕುಗ್ಗಿದಾಗ ಮುಂದೆ ಬರುತ್ತದೆ. ಅಷ್ಟು ನಯವಾಗಿ ಬಳೆ ಕಡೆಯಬಲ್ಲವನು ಗುತ್ತೂರಿನ ಕರಿಬಸವರಾಜ. ಹರಿಹರದ ಕಾರ್ಖಾನೆಯೊಂದರಲ್ಲಿ ಟರ್ನರ್, ಮನೆಯ ದನದ ಕೊಟ್ಟಿಗೆಯಲ್ಲಿ ಅವನದೇ ಒಂದು ಹಳೆಯ ಲೇತು.

"ಹಬ್ಬಕ್ಕಿಂತ ಮುಂಚೆ ಆಗೂದಿಲ್ಲ," ಎಂದಿದ್ದ ಕರಿಬಸವರಾಜ. "ಪಾಡ್ಯದ ದಿನ ಲೇತಿಗೆ ಪೂಜೆ ಮಾಡಿ ಬೋಣಿ ನಿಮ್ಮ ಬಳೆಯಿಂದನ ಮಾಡ್ತೀನಿ. ಬರ್ರಿ."

ದೀಪಾವಳಿಯ ಪಾಡ್ಯ ಎಂದರೆ ಕಾರ್ತಿಕದ ಮೊದಲ ದಿನ. ಸೋಮವಾರಕ್ಕೆ ಇನ್ನು ಕೆಲವೇ ದಿನ. ಬಳೆ ತಂದ ಕೂಡಲೆ ಹಾಕಿ ನೋಡಲು ಅನುಕೂಲವಾಗಲೆಂದು ಅಮೀರ್ ಜಾನ್ ಹಿಂದಿನ ದಿನವೇ ತನ್ನ ವಾಲ್ವಿದ್ದ ತಲೆಯನ್ನು ಇಂಜಿನ್ನಿಗೆ ಕೂಡಿಸಿಟ್ಟ. ಆದರೆ ಗಿರಣಿಗೂ ಒಂದು ಪದ್ಧತಿಯಿತ್ತು. ಪಾಡ್ಯದ ಬೆಳಿಗ್ಗೆ ಪೂಜೆಯಾದ ಮೇಲೆ ಕಲ್ಲು ತಿರುಗಿ ಒಂದು ಹಿಡಿಯಾದರೂ ಹಿಟ್ಟು ಬೀಳಲೇಬೇಕು, ಆ ಮೊದಲ ಹಿಟ್ಟು ಯಂತ್ರ ನೋಡಿಕೊಳ್ಳುವವನ ಮನೆಗೆ, ಈ ಸಲ ಅಮೀರ್ ಜಾನನ ಮನೆಗೆ, ಹೋಗಬೇಕು.

"ನಾಲ್ಕು ಸುತ್ತು ತಿರುಗ್ತೈತೆ, ಆಮೇಲೆ ನಿಲ್ತೈತೆ. ಶಾಸ್ತ್ರಕ್ಕೆ ಸಾಕು," ಎಂದು ಹೇಳಿ ಅವನು ಬೆಳಗಿನ ರೈಲು ಹತ್ತಿದ.

ಗುತ್ತೂರಿನ ಕೊಟ್ಟಿಗೆಯಲ್ಲಿ ಲೇತಿಗೆ ವಿಭೂತಿ ಬಳಿದು ಚೆಂಡುಹೂ ಮುಡಿಸಿದ್ದರು. ಕರಿಬಸವರಾಜ ಹೊಸ ಪಂಚೆ ಮೊಣಕಾಲಿಗೆ ಕಟ್ಟಿ ಬಳೆಯನ್ನು ಹದಕ್ಕೆ ತರುತ್ತಿದ್ದ. ಅಮೀರ್ ಜಾನ್ ಕೂತಲ್ಲಿ ಕೂರಲಾರದೆ ಅವನ ಹಿಂದೆ ನಿಲ್ಲುತ್ತಿದ್ದ.

"ಕೂಡ್ರಿ ಸಾಹೇಬ್ರ, ಮದುಮಗನ ಹಂಗೆ ಯಾಕ ಚಡಪಡಸ್ತೀರಿ? ಸದ್ದಿಲ್ಲದ ಇಂಜಿನ್ ಅಂತೆ! ಮೊದ್ಲು ನಮ್ಮ ಮನೆಯಾಕೆಗೆ ಅಂಥದೊಂದು ವಾಲ್ವು ಮಾಡಿಕೊಡ್ರಿ."

ಒಳಗಿನಿಂದ ಅವನ ಹೆಂಡತಿಯ ದನಿ ಬಂತು. "ನಿಮ್ಮ ಗೊರಕೆಗೆ ಮಾಡಿಸ್ಕೊಳ್ರಿ ಮೊದ್ಲು! ಊರೇ ಪುಣ್ಯ ಅಂತೈತೆ."

ಅಮೀರ್ ಜಾನ್ ನಕ್ಕ. "ಸದ್ದಿಲ್ಲ ಅಂತಲ್ಲ ಬಸಣ್ಣ. ಸದ್ದು ಐತೆ. ಬಡಿಯೋ ಸದ್ದಲ್ಲ ಅಷ್ಟೇ."

"ಅದೇನು ಕೇಳಿದ್ರೋ, ಎಷ್ಟು ವರ್ಷಾತು! ಈಗ ಕೇಳಿದ್ರೆ ಅದೇನ ಅಂತ ಗುರ್ತು ಸಿಗ್ತೈತಾ?"

ಅಮೀರ್ ಜಾನ್ ಲೇತಿನ ಬಳಿಯಿಂದ ಸರಿದ. ಹೊರಗೆ ಹೋಗಿ ಬೇಲಿಯ ಬಳಿ ನಿಂತು, ಗದ್ದೆಗಳಾಚೆ ಕಾಣುವ ಹರಿಹರದ ಚಿಮಣಿಗಳ ಕಡೆ ನೋಡಿ, ಆಮೇಲೆ ಕಣ್ಣು ಮುಚ್ಚಿ, ಆ ಸಂಜೆಯನ್ನು ನೆನೆದುಕೊಳ್ಳಲು ನೋಡಿದ. ಸಾರ್ಜೆಂಟನ ಕೆಂಪು ಕಿವಿಗಳು ನೆನಪಾದವು. ಅಂಗೈಯ ಬಿಸಿ ನೆನಪಾಯಿತು. ಸದ್ದು ಮಾತ್ರ, ತೀರಿಕೊಂಡವರ ದನಿಯ ಹಾಗೆ, ಇನ್ನೇನು ಬಂತು ಎನ್ನುವಾಗ ಹಿಂದೆ ಸರಿಯಿತು.

ಅದೇ ಹೊತ್ತಿಗೆ ದಾವಣಗೆರೆಯಲ್ಲಿ ಇಮಾಂಬೀ ಒಂದು ಸೇರು ಗೋಧಿಯ ಬುಟ್ಟಿ ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತಿದ್ದಳು. ಕೆಂಚವೀರಪ್ಪನವರ ತಾಯಿ ದ್ರಾಕ್ಷಾಯಣಮ್ಮ ಮನೆಮಂದಿಯ ನೆತ್ತಿಗೆಲ್ಲ ಎಣ್ಣೆಯೊತ್ತಿ ಮುಗಿಸಿ, ಮಿಕ್ಕ ಬೆಚ್ಚನೆಯ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರು. ಹಬ್ಬದ ದಿನ ಇಂಜಿನ್ನಿಗೂ ಎಣ್ಣೆಯೊತ್ತುವುದು ಅವರ ವರ್ಷ ವರ್ಷದ ವಾಡಿಕೆ. ಗಾಲಿಯ ಅಚ್ಚಿನ ಪಕ್ಕದ ಎಣ್ಣೆಬಟ್ಟಲಿಗೆ ಒಂದು ಮಿಳ್ಳೆ ಸುರಿಯುತ್ತಿದ್ದರು. ಈ ಸಲ ಇಂಜಿನ್ನಿನ ನೆತ್ತಿಯ ಮೇಲೆ ಹಿತ್ತಾಳೆಯ ಹೊಸ ಬಟ್ಟಲೊಂದು ಕಂಡಿತು. ತಿರುಗುವ ವಾಲ್ವಿಗೆ ಎಣ್ಣೆ ತೊಟ್ಟಿಕ್ಕಲು ಅಮೀರ್ ಜಾನ್ ಕೂಡಿಸಿದ್ದು ಅದು, ತಳದಲ್ಲಿ ಒಂದೆರಡು ತೊಟ್ಟು ಇಂಜಿನ್ ಎಣ್ಣೆ ಮಾತ್ರ ಇತ್ತು.

"ಹೊಸದಕ್ಕೆ ಹಬ್ಬ ಇಲ್ಲೇನು? ಪಾಪ," ಎಂದು ಮುದುಕಿ ಅದನ್ನು ಹರಳೆಣ್ಣೆಯಿಂದ ತುಂಬಿಸಿಬಿಟ್ಟರು.

ಕೆಂಚವೀರಪ್ಪ ಗಾಲಿ ಎಳೆದು ಚಾಲೂ ಮಾಡಿದರು. ಎಂದಿನಂತೆ ನೀಲಿ ಹೊಗೆ ಎದ್ದಿತು. ಎಂದಿನಂತೆ ಇಂಜಿನ್ ಕೆಮ್ಮಿತು. ಆಮೇಲೆ ಕೆಮ್ಮಲಿಲ್ಲ. ಕಾವು ಏರಿದಂತೆ ಹರಳೆಣ್ಣೆ ಉರುಳೆಯ ಮೈಗೆ ಹತ್ತಿ, ಸಂದನ್ನು ತುಂಬಿ, ಅಷ್ಟು ತಿಂಗಳು ಸೋರುತ್ತಿದ್ದ ಒತ್ತಡವನ್ನು ಹಿಡಿದು ನಿಲ್ಲಿಸಿತು. ಹೊಗೆ ತೆಳುವಾಯಿತು. ಕಲ್ಲಿಗೆ ಹಾಕಿದ ಪಟ್ಟಿ ಬಿಗಿದುಕೊಂಡಿತು, ಕಲ್ಲು ತಿರುಗಿತು.

ಇಮಾಂಬೀಗೆ ತಗಡಿನ ಮಾಡಿನ ಮೇಲೆ ಪಾರಿವಾಳಗಳು ನಡೆದಾಡುವುದು ಕೇಳಿಸಿತು. ಹಿಟ್ಟು ಡಬ್ಬಿಗೆ ಬೀಳುವುದು ಕೇಳಿಸಿತು. ಆ ಗಿರಣಿಯಲ್ಲಿ ಹಿಟ್ಟು ಬೀಳುವುದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಏ ವೀರಪ್ಪ, ನಿಂತೋತೇನೋ?" ದ್ರಾಕ್ಷಾಯಣಮ್ಮ ಗಾಬರಿಯಾದರು.

"ಇಲ್ಲಬೇ, ಓಡಾಕ ಹತ್ತೈತೆ!" ಕೆಂಚವೀರಪ್ಪ ಪಿಸುಗುಟ್ಟಿದರು. ಕೂಗಾಡಿಯೇ ಮಾತಾಡಿ ಅಭ್ಯಾಸವಾಗಿದ್ದ ಜಾಗದಲ್ಲಿ ಅವರು ಯಾಕೆ ಪಿಸುಗುಟ್ಟಿದರೋ ಅವರಿಗೇ ತಿಳಿಯಲಿಲ್ಲ.

ಇಮಾಂಬೀ ರಸ್ತೆಯ ಕಡೆ ತಿರುಗಿ ನೋಡಿದಳು. ಸಂಜೆಯ ರೈಲಿಗೆ ಮುನ್ನ ಅವನು ಬರುವಂತಿರಲಿಲ್ಲ. "ನಿಲ್ಲಿಸಬ್ಯಾಡ್ರಿ ಸಾವ್ಕಾರ್ರೆ," ಎಂದಳು. "ಅವರು ಬರೋತನಕ ನಿಲ್ಲಿಸಬ್ಯಾಡ್ರಿ."

ಅವಳ ಮಾತು ಉಳಿಸಲೆಂದೇ ಕೆಂಚವೀರಪ್ಪ ಬಟ್ಟಲಿನ ಕಡೆ ನೋಡಿದರು. ಎಣ್ಣೆ ತಳ ಮುಟ್ಟುತ್ತಿತ್ತು. ಪಕ್ಕದಲ್ಲಿದ್ದ ಡಬ್ಬಿಯಿಂದ ಇಂಜಿನ್ ಎಣ್ಣೆ ಸುರಿದು ತುಂಬಿಸಿದರು. ಹರಳೆಣ್ಣೆಯೂ ನೆಲದಿಂದ ತೆಗೆದ ಎಣ್ಣೆಯೂ ಒಂದಾಗುವ ಜಾತಿಯಲ್ಲ. ಬಟ್ಟಲಿನಿಂದ ಉರುಳೆಗಿಳಿಯುವ ಸಪೂರ ಕೊಳವೆಯಲ್ಲಿ ಅವೆರಡೂ ಒಡೆದ ಹಾಲಿನಂತೆ ಗಂಟುಗಂಟಾಗಿ ದಾರಿ ಕಟ್ಟಿದವು. ಉರುಳೆ ಒಣಗಿತು. ಒಂದು ಚೀತ್ಕಾರ ಕೇಳಿ ಪಾರಿವಾಳಗಳೆಲ್ಲ ಹಾರಿಹೋದವು. ಚೈನು ತುಂಡಾಗಿ ಗೋಡೆಗೆ ಬಡಿಯಿತು. ಇಂಜಿನ್ ನಿಂತಿತು.

ಸಂಜೆ ಅಮೀರ್ ಜಾನ್ ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಿಲ್ದಾಣದಿಂದ ನೇರ ಗಿರಣಿಗೆ ಬಂದ. ಹಬ್ಬದ ಹೊತ್ತಿನಲ್ಲಿ ಮೂವರೂ ಅಲ್ಲೇ ಕೂತಿದ್ದುದನ್ನು ಕಂಡು ಅವನಿಗೆ ಏನೋ ಅನ್ನಿಸಿತು. ಕೆಂಚವೀರಪ್ಪ ನಡೆದದ್ದನ್ನೆಲ್ಲ ಹೇಳಿದರು. ಅವನು ಇಂಜಿನ್ನಿನ ತಲೆ ಬಿಚ್ಚಿದ. ಉರುಳೆ ಗೂಡನ್ನು ಕಚ್ಚಿ, ಉದ್ದಕ್ಕೂ ಸೀಳಿಬಿಟ್ಟಿತ್ತು. ಮತ್ತೆ ಎರಕ ಹೊಯ್ಯಿಸಿ ಕಡೆಯುವ ಹೊತ್ತಿಗೆ ಇಂಜಿನ್ ಗುಜರಿಯಲ್ಲಿರುತ್ತಿತ್ತು. ಅವನು ಬೆರಳು ಸವರಿ ಮೂಸಿದ.

"ಹರಳೆಣ್ಣೆ," ಎಂದ. "ನಾನೂ ಹಾಕೋಣ ಅಂದ್ಕೊಂಡಿದ್ದೆ. ಆರಿದ ಮೇಲೆ ಅಂಟಾಗಿ ಹಿಡ್ಕೊಳ್ತೈತೆ ಅಂತ ಬಿಟ್ಟಿದ್ದೆ."

"ನನ್ನ ಕೈಗೆ ಬೆಂಕಿ ಹಾಕ," ಎಂದರು ದ್ರಾಕ್ಷಾಯಣಮ್ಮ. "ಹಾಳು ಮಾಡಿದ್ನಲ್ಲೋ ತಮ್ಮ."

"ಇಲ್ರಿ ಅಮ್ಮ. ನೀವು ಹಾಕಿದ್ದಕ್ಕ ಓಡಿದ್ದು ಅದು." ಅವನ ದನಿ ಶಾಂತವಾಗಿಯೇ ಇತ್ತು. ಆಮೇಲೆ ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. "ಹೆಂಗಿತ್ರಿ ಸದ್ದು?"

ಕೆಂಚವೀರಪ್ಪ ಮೊದಲು ಹೇಳಿದರು. "ಏನೂ ಸದ್ದೇ ಇರ್ಲಿಲ್ಲಪ."

"ಇತ್ತು," ಎಂದರು ದ್ರಾಕ್ಷಾಯಣಮ್ಮ. "ದೂರದಾಗ ಮಜ್ಜಿಗಿ ಕಡದಂಗೆ ಇತ್ತು."

ಇಮಾಂಬೀ ಹಿಟ್ಟಿನ ಡಬ್ಬಿ ಎತ್ತಿಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ, ಸಾಲುದೀಪ ಹಚ್ಚಿದ ಮನೆಗಳ ಮುಂದೆ, ಅವನು ಅವಳನ್ನು ಕೇಳಿದ. "ನಾನು ಹೇಳಿದಂಗೇ ಇತ್ತಾ?"

ಹೌದು ಎಂದುಬಿಡಬಹುದಿತ್ತು. ಆದರೆ ಅಷ್ಟು ವರ್ಷ ಕಾದವನಿಗೆ ಸುಳ್ಳು ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

"ಇರ್ಲಿಲ್ಲ. ನಿದ್ದೀ ಉಸಿರು ಅಂತಿದ್ರಿ ನೀವು. ಇದು ಎಚ್ಚರ ಇದ್ದೋರ ಉಸಿರು. ಯಾರೋ ಬಾಗಿಲ ಹಿಂದೆ ನಿಂತು, ಒಳಗ ಬರ್ಲೋ ಬ್ಯಾಡೋ ಅಂತ ಕಾಯ್ದಂಗೆ."

"ಎಷ್ಟೊತ್ತು ಇತ್ತು?"

"ಒಂದು ಸೇರು ಗೋಧಿ ಬೀಸೋ ಅಷ್ಟು."

ಆ ಹಿಟ್ಟಿನ ರೊಟ್ಟಿಗಳನ್ನು ಅವನು ನಿಧಾನವಾಗಿ ತಿಂದ. ಹೆಂಡತಿಯ ಕಿವಿಗಳ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು, ಅದಕ್ಕಾಗಿ ನಾಚಿಕೆಯೂ ಆಯಿತು.

ಸೋಮವಾರ ಮೋಟಾರು ಬಂತು. ಗುಂಡಿ ಒತ್ತಿದರೆ ಗುಂಯ್ ಎನ್ನುತ್ತಿತ್ತು, ಬಿಟ್ಟರೆ ಸುಮ್ಮನಾಗುತ್ತಿತ್ತು. ಎತ್ತಿನ ಗಾಡಿಯಲ್ಲಿ ಇಂಜಿನ್ ಹೋಗುವಾಗ ಅಮೀರ್ ಜಾನ್ ಶೆಡ್ಡಿನಲ್ಲಿ ಯಾರದೋ ಪಂಪಿನ ವಾಷರ್ ಬದಲಿಸುತ್ತಿದ್ದ. ಇನ್ನೊಂದು ಇಂಜಿನ್ ಅವನಿಗೆ ಸಿಗಲಿಲ್ಲ. ಹುಡುಕಲಿಲ್ಲವೆಂದಲ್ಲ, ವಿದ್ಯಾನಗರದ ಕಡೆ ಕಾಲೇಜು ಎದ್ದು, ಊರಿಗೆ ಸ್ಕೂಟರುಗಳು ಬಂದು, ಅವನ ಕೈ ತುಂಬ ಕೆಲಸವಾಯಿತು. ಹೊಸ ಸ್ಕೂಟರುಗಳ ಇಂಜಿನ್ನಿನಲ್ಲಿ ಅಣಬೆ ವಾಲ್ವೇ ಇಲ್ಲವೆಂದು ಕಂಡಾಗ ಒಮ್ಮೆ ಎದೆ ಹಾರಿತು. ಕಿವಿಯಿಟ್ಟು ಕೇಳಿದ. ಅದು ಬೇರೆಯದೇ ಗದ್ದಲ.

ಅವನು ಅದರ ಬಗ್ಗೆ ಮಾತಾಡುವುದನ್ನು ಬಿಟ್ಟ. ಗಿರಾಕಿಗಳು ಕೆಣಕಿದರೂ ನಕ್ಕು ಸುಮ್ಮನಾಗುತ್ತಿದ್ದ. ಮನೆಯಲ್ಲಿ ಮಾತ್ರ, ಯಾವಾಗಲೋ ಒಮ್ಮೆ, ಏನೂ ಕಾರಣವಿಲ್ಲದೆ ಕೇಳುತ್ತಿದ್ದ.

ಹಾಗೆ ಒಂದು ಸಂಜೆ ಇಮಾಂಬೀ ಸ್ಟೋವಿನ ಮುಂದೆ ಕೂತು ಚಹಾ ಕಾಯಿಸುತ್ತಿದ್ದಳು. ಅವನ ಕೂದಲು ಹಣ್ಣಾಗತೊಡಗಿತ್ತು.

"ಇನ್ನೊಂದ್ಸಲ ಮಾಡಿ ತೋರ್ಸು," ಎಂದ.

ಅವಳು ಯಾವುದನ್ನು ಎಂದು ಕೇಳಲಿಲ್ಲ. ಭುಸುಗುಡುತ್ತಿದ್ದ ಸ್ಟೋವನ್ನು ಆರಿಸಿದಳು. ಕಣ್ಣು ಮುಚ್ಚಿ, ತುಟಿ ಸ್ವಲ್ಪ ತೆರೆದು, ಉಸಿರನ್ನು ಒಳಗೆಳೆದು, ತಡೆದು, ಬಿಟ್ಟಳು. ಮತ್ತೆ ಎಳೆದು, ತಡೆದು, ಬಿಟ್ಟಳು. ಅವನು ತಲೆ ವಾಲಿಸಿ ಕೇಳಿದ.

"ಇಲ್ಲ. ಹಿಂದಿನ ಸಲ ಇನ್ನೂ ಸ್ವಲ್ಪ ನಿಧಾನ ಇತ್ತು."

"ಅಯ್ಯ! ಆವತ್ತು ಅಲ್ಲಿದ್ದೋಳು ನಾನೋ ನೀವೋ?"

"ನೀನೇ," ಎಂದ ಅಮೀರ್ ಜಾನ್. "ಆದ್ರೂ ನಿಧಾನ ಇತ್ತು."

ಅವಳು ನಗುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ಮತ್ತೆ ಕಣ್ಣು ಮುಚ್ಚಿ, ಈ ಸಲ ನಿಧಾನವಾಗಿ, ಉಸಿರೆಳೆದುಕೊಂಡಳು.