ಮೂವತ್ತಮೂರಕ್ಕೇ ಕೂಗಿದ ವೀಬ್ಕೆ

ವೀಬ್ಕೆಯ ತಾಯಿ ಹ್ಯಾಂಬರ್ಗಿನ ಮೀನುಪೇಟೆಯಲ್ಲಿ ಕೂಗಿ ಕೂಗಿ ಹಾವುಮೀನು ಮಾರಿದವಳು. ಆ ಗಂಟಲು ಮಗಳಿಗೂ ಬಂದಿತ್ತು. ಇಪ್ಪತ್ತೇಳು ವರ್ಷ ನರ್ಸ್ ಆಗಿ ದುಡಿದ ಮೇಲೆ ಆಸ್ಪತ್ರೆಯಲ್ಲಿ ಅವಳಿಗೆ ಸಿಕ್ಕ ಕೆಲಸವೂ ಕೂಗುವುದೇ.

ಲಯ ತಪ್ಪಿದ ಹೃದಯದೊಳಕ್ಕೆ ತೊಡೆಯ ರಕ್ತನಾಳದಿಂದ ಕೊಳವೆ ಹಾಯಿಸಿ, ಲಯ ಸರಿಪಡಿಸಲು ತುದಿಯ ಕೊರೆಯುವಷ್ಟು ತಣ್ಣನೆಯ ಬಲೂನಿನಿಂದ ಅಲ್ಲಿನ ನಾಲ್ಕು ನಾಳಗಳ ಬಾಯನ್ನು ಹೆಪ್ಪುಗಟ್ಟಿಸುತ್ತಾರೆ. ಹೃದಯದ ಬೆನ್ನಿಗೇ ಅನ್ನನಾಳವಿದೆ. ಆ ಚಳಿ ಅದಕ್ಕೂ ತಾಗಿದರೆ ಹುಣ್ಣಾಗುತ್ತದೆ. ಅಪರೂಪಕ್ಕೆ ವಾರಗಳ ನಂತರ ತೂತೇ ಬೀಳುತ್ತದೆ. ಆಮೇಲೆ ಉಳಿಯುವವರು ಕಡಿಮೆ. ಅದಕ್ಕೇ ಅನ್ನನಾಳದೊಳಗೆ ಉಷ್ಣತೆ ಅಳೆಯುವ ತಂತಿ ಇಳಿಸಿ, ವೀಬ್ಕೆಯನ್ನು ಅಂಕಿಯ ಮುಂದೆ ಕೂರಿಸಿದ್ದರು. ಹದಿನೈದು ಡಿಗ್ರಿಗೆ ಇಳಿದರೆ ಅವಳು ಕೂಗಬೇಕು, ಡಾಕ್ಟರು ಮರುಮಾತಿಲ್ಲದೆ ನಿಲ್ಲಿಸಬೇಕು. ಅಂಕಿಯಿಲ್ಲದೆ ಯಾರೂ ಬಾಯಿ ಬಿಡುವಂತಿಲ್ಲ. ಅಲ್ಲಿ ಅಂಕಿ ಹೇಳಿದ್ದೇ ವೇದವಾಕ್ಯ.

ಆ ಮಂಗಳವಾರ ಮಲಗಿದ್ದವನು ಎಲ್ಬೆ ನದಿಯಲ್ಲಿ ದೋಣಿ ನಡೆಸುವ ಎಗರ್ಟ್. ಮೂರು ನಾಳ ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ಬಲೂನು ಮೈನಸ್ ಐವತ್ತಕ್ಕೆ ಹೋದರೂ ಅನ್ನನಾಳದ ಅಂಕಿ ಮೂವತ್ತಮೂರರಿಂದ ಅಲುಗಲಿಲ್ಲ.

"ಇವತ್ತು ನಮ್ ಪುಣ್ಯ ಚೆನ್ನಾಗಿದೆ," ಎಂದರು ಡಾಕ್ಟರ್ ಲೂಡರ್ಸ್.

ವೀಬ್ಕೆ ಅಂಕಿಯಿಂದ ಕಣ್ಣು ಕೀಳಲಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಮೇಷ್ಟ್ರಿಗೂ ಅಂಕಿ ಹೀಗೇ ಸೊಗಸಾಗಿತ್ತು. ಮೂರನೇ ವಾರ ಜ್ವರ ಬಂದು ತೀರಿಕೊಂಡರು. ತಂತಿ ಬಲೂನಿನಿಂದ ಮೇಲಕ್ಕೆ ಸರಿದು ಸುಳ್ಳು ಅಂಕಿ ತೋರಿಸಿತ್ತೆಂದು ಆಮೇಲೆ ತಿಳಿಯಿತು. ಅಂದು ಅಂಕಿ ನೋಡುತ್ತ ಕೂತಿದ್ದವಳೂ ಇವಳೇ.

"ನಿಲ್ಸಿ!"

"ಎಷ್ಟಿದೆ?"

"ಮೂವತ್ಮೂರು."

"ತಲೆ ನೆಟ್ಟಗಿದೆಯೇನ್ರೀ? ಇನ್ನೊಂದ್ ನಿಮಿಷ ಬಿಟ್ರೆ ಮುಗೀತು!"

"ಬೇಕಾದ್ರೆ ನಾಳೆ ನನ್ನ ಕೆಲಸದಿಂದ ತೆಗೀರಿ. ಈಗ ನಿಲ್ಸಿ ಅಂದೆ!"

ಲೂಡರ್ಸ್ ಬೆಚ್ಚಿ ನಿಲ್ಲಿಸಿದರು. ಎಕ್ಸ್-ರೇಯಲ್ಲಿ ನೋಡಿದರೆ ತಂತಿ ಬಲೂನಿಗಿಂತ ನಾಲ್ಕು ಬೆರಳು ಮೇಲಿತ್ತು. ಕೆಳಗಿಳಿಸಿದರು. ಹನ್ನೆರಡು! ಅವರ ಮುಖ ಬಿಳಿಚಿಕೊಂಡಿತು. ನಾಲ್ಕನೇ ನಾಳವನ್ನು ಅರ್ಧಕ್ಕೇ ಬಿಟ್ಟರು.

ಮರುದಿನ ಕ್ಯಾಮೆರಾ ಇಳಿಸಿ ನೋಡಿದಾಗ ಅನ್ನನಾಳದಲ್ಲಿ ಸಣ್ಣ ಹುಣ್ಣು ಕಂಡಿತು. ವಾಸಿಯಾಗಬಹುದು, ತೂತೂ ಬೀಳಬಹುದು. ವೀಬ್ಕೆ ದಿನ ಎಣಿಸಿದಳು. ಮೂರನೇ ವಾರವಂತೂ ಫೋನು ಸದ್ದಾದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು.

ಅಪಾಯದ ಗಡುವು ದಾಟಿದ ಮೇಲೆ, ಒಂಬತ್ತನೇ ವಾರ, ಎಗರ್ಟ್ ತಾನೇ ನಡೆದು ಬಂದ, ಕೆಂಡದಂತಾಗಿ.

"ಯಾವ ನರ್ಸ್ರೀ ಅದು, ಅರ್ಧಕ್ಕೇ ನಿಲ್ಸಿದ್ದು? ಅವಳಿಂದ ನಾನು ಇನ್ನೊಂದ್ಸಲ ಮಲಗಬೇಕಂತೆ! ಆ ಹುಣ್ಣಿಗೇಂತ ಇಷ್ಟು ದಿನ ಗಂಜಿ ಕುಡಿದೂ ಕುಡಿದೂ ನಾಲಗೆ ಸತ್ತುಹೋಯ್ತು!"

"ನಾನೇ," ಎಂದಳು ವೀಬ್ಕೆ. ಅವನ ಕೈ ಹಿಡಿದುಕೊಂಡಳು, ಬೆಚ್ಚಗಿತ್ತು, ಜ್ವರವಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

ಎಗರ್ಟ್ ಗಾಬರಿಯಾದ. "ಅಯ್ಯೋ, ಅಷ್ಟೇನೂ ಜೋರಾಗಿ ಬೈಲಿಲ್ವಲ್ರೀ!"