ಕೇಬಲಕ್ಕನ ಹೆಬ್ಬೆರಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಆ ಮನೆಯ ನಡುಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಸೂತಿ ಬಟ್ಟೆ ಹೊದ್ದು ಮಲಗಿದ್ದ ಕಂಪ್ಯೂಟರನ್ನು ಈಗಷ್ಟೇ ಎಬ್ಬಿಸಿದ್ದಾರೆ. ಅದು ಗೊರಗೊರ ಸದ್ದು ಮಾಡುತ್ತ, ಏಳಲೋ ಬೇಡವೋ ಎಂದು ಯೋಚಿಸುತ್ತಿದೆ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದ ತುಂಬ ಕೇಬಲ್ಲುಗಳು. ಒಂದೊಂದನ್ನೂ ಸುರುಳಿ ಸುತ್ತಿ, ಕೂದಲಿಗೆ ಕಟ್ಟುವ ರಬ್ಬರು ಹಾಕಿದ್ದಾರೆ. ಈ ಬಡಾವಣೆಯವರಿಗೆ ಇವರ ನಿಜವಾದ ಹೆಸರು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಎಲ್ಲರಿಗೂ ಇವರು ಕೇಬಲಕ್ಕ.

ಕೇಬಲಕ್ಕನ ಕೆಲಸ ಹೇಳಿದರೆ ಇಷ್ಟೇ: ಹಳೆಯ ಡಿಜಿಟಲ್ ಕ್ಯಾಮೆರಾಗಳ ಒಳಗೆ ಸಿಕ್ಕಿಬಿದ್ದಿರುವ ಫೋಟೊಗಳನ್ನು ಮನೆಯವರ ಕಂಪ್ಯೂಟರಿಗೆ ದಾಟಿಸುವುದು. 'ಇದೂ ಒಂದು ಕೆಲಸವೇ?' ಎಂದು ಮೂಗು ಮುರಿಯುವವರು ಒಮ್ಮೆ ತಮ್ಮ ಮನೆಯ ಬೀರುವಿನ ಕೆಳಗಿನ ಖಾನೆ ಎಳೆದು ನೋಡಬೇಕು. ಅಲ್ಲೊಂದು ಕ್ಯಾಮೆರಾ ಇದ್ದೇ ಇರುತ್ತದೆ. ಅದರ ಚಾರ್ಜರ್ ಎಲ್ಲಿದೆ ಎಂದು ಕೇಳಿದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ.

ಈ ಬೆಳಗ್ಗೆ ಕೇಬಲಕ್ಕ ಅಂಚೆಚೀಟಿಯಷ್ಟಗಲದ ಕಾರ್ಡನ್ನು ರೀಡರಿಗೆ ಹಾಕಿ ಪರದೆ ನೋಡುತ್ತಾರೆ. ಯಾರದೋ ಹುಟ್ಟುಹಬ್ಬ, ಮೆಟ್ಟಿಲ ಮೇಲೆ ಮಲಗಿದ ಬೆಕ್ಕು, ಮತ್ತೆ ಅದೇ ಬೆಕ್ಕು. ಕೊನೆಯವರೆಗೂ ಹೋಗಿ ನಿಲ್ಲುತ್ತಾರೆ.

"ಇದ್ರಲ್ಲಿ ಮಗ್ಗದ್ದು ಒಂದೂ ಇಲ್ಲ ತಂಗಿ."

ಬಾಗಿಲಿಗೆ ಒರಗಿ ನಿಂತ ಹೆಣ್ಣುಮಗಳು ನೇಕಾರಳು. ಇದು ಅವಳ ಅಕ್ಕನ ಮನೆ. ಕ್ಯಾಮೆರಾ, ಕಂಪ್ಯೂಟರು ಎರಡೂ ಭಾವನವು. ತಿಂಗಳ ಹಿಂದೆ ಅವಳು ಚಿಕ್ಕದೊಂದು ಬಾಡಿಗೆ ಕೋಣೆಗೆ ಬಂದಳು. ಅಪ್ಪ ತನ್ನ ಕೈಯಾರೆ ಮಾಡಿಕೊಟ್ಟ ಮರದ ಮಗ್ಗ ಹೊಸ ಬಾಗಿಲಲ್ಲಿ ತೂರುವಂತಿರಲಿಲ್ಲ. ಬಿಚ್ಚಲೇಬೇಕಾಯಿತು. ಅಪ್ಪ ಈಗಿಲ್ಲ. ಕಾಲಡಿಯ ಆರು ತುಳಿಹಲಗೆಗಳಿಂದ ಮೇಲಕ್ಕೆ ಹೋಗುವ ಹಗ್ಗಗಳಲ್ಲಿ ಯಾವುದನ್ನು ಎಲ್ಲಿಗೆ ಕಟ್ಟಬೇಕೆಂಬ ಲೆಕ್ಕ ಅವನ ಕೈಗೆ ಮಾತ್ರ ಗೊತ್ತಿತ್ತು. ಅವಳು ವರ್ಷಗಟ್ಟಲೆ ಅದರ ಮೇಲೆ ನೇಯ್ದಿದ್ದಾಳೆ, ಒಂದು ಗಂಟನ್ನೂ ಬಿಚ್ಚಿದವಳಲ್ಲ. ಅದಕ್ಕೇ ಭಾವ ಒಂದೊಂದು ಗಂಟು ಬಿಚ್ಚುವ ಮುಂಚೆಯೂ ಫೋಟೊ ತೆಗೆದಿದ್ದರು. ಈಗ ನೋಡಿದರೆ ಫೋಟೊಗಳೇ ಇಲ್ಲ. ಅಂದಾಜಿನ ಮೇಲೆ ಮೂರು ಸಲ ಕಟ್ಟಿ ನೋಡಿದ್ದಾಳೆ. ಏಳಬೇಕಾದ ಎಳೆ ಏಳುವುದಿಲ್ಲ, ಮಲಗಬೇಕಾದದ್ದು ಮಲಗುವುದಿಲ್ಲ.

"ಭಾವ ಮರದ ವ್ಯಾಪಾರಿಗೆ ಹೇಳಿಬಿಟ್ಟಿದಾರೆ. ಈ ಭಾನುವಾರ ಬಂದು ತಗೊಂಡು ಹೋಗ್ತಾನಂತೆ," ಎನ್ನುತ್ತಾಳೆ. ಅವಳ ದನಿಯಲ್ಲಿ ಅಳುವಿಲ್ಲ. "ಅವನು ಬರಲಿ. ನಾನು ಬಾಗಿಲು ತೆಗೆಯಲ್ಲ."

ಭಾವ ಕೆಟ್ಟವರಲ್ಲ. ಕೋಣೆಯ ತುಂಬ ಮರ ಬಿದ್ದು, ನಾದಿನಿ ಅದರ ಸಂದಿಯಲ್ಲಿ ಮಲಗುವುದನ್ನು ನೋಡಲಾರದೆ ಹಾಗೆ ಮಾಡಿದರು. ಆದರೆ ತಪ್ಪು ತಮ್ಮದಲ್ಲ ಎಂದು ಸಾಧಿಸುವ ಭರದಲ್ಲಿ ಅವರ ದನಿ ಮಾತ್ರ ಯಾವಾಗಲೂ ಒಂದು ಮಹಡಿ ಮೇಲೆಯೇ ಇರುತ್ತದೆ. "ನಾನು ತೆಗೆದಿದ್ದು ನಿಜ. ಕ್ಯಾಮೆರಾ ನುಂಗಿ ಹಾಕಿದ್ರೆ ನಾನೇನು ಮಾಡ್ಲಿ?"

ಕೇಬಲಕ್ಕ ಕ್ಯಾಮೆರಾವನ್ನು ತಿರುಗಿಸಿ ನೋಡುತ್ತ ತಣ್ಣಗೆ ಕೇಳುತ್ತಾರೆ: "ಫೋಟೊ ತೆಗೆಯೋವಾಗ ಕಾರ್ಡು ಇದರೊಳಗೇ ಇತ್ತಾ ಅಣ್ಣಾ?"

"ಇಲ್ಲದೆ ಎಲ್ಲಿಗೆ ಹೋಗುತ್ತೆ? ಇತ್ತು! ಖಂಡಿತ ಇತ್ತು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಳಗಿನಿಂದ ಚಹಾ ತಂದ ಹೆಂಡತಿ ಲೋಟ ಇಡುತ್ತ ಹೇಳುತ್ತಾಳೆ: "ಬೆಕ್ಕಿನ ಫೋಟೊ ಗೆಳೆಯನಿಗೆ ತೋರಿಸ್ಬೇಕು ಅಂತ ಕಾರ್ಡನ್ನ ಅಂಗಿ ಜೇಬಲ್ಲಿ ಇಟ್ಕೊಂಡು ಹೋಗಿದ್ರಲ್ಲ, ಅದು ಮಗ್ಗ ಬಿಚ್ಚಿದ ವಾರಾನೇ. ಒಗೆಯೋವಾಗ ನನಗೇ ಸಿಕ್ತು." ಭಾವ ಚಹಾ ಕುಡಿಯುವುದರಲ್ಲಿ ಮಗ್ನರಾಗುತ್ತಾರೆ.

ಕೇಬಲಕ್ಕನ ಮುಖ ಅರಳುವುದು ಅಪರೂಪ, ಈಗ ಅರಳುತ್ತದೆ. ಇಂಥ ಎಷ್ಟೋ ಕ್ಯಾಮೆರಾಗಳಿಗೆ ಕಾರ್ಡಲ್ಲದೆ ತಮ್ಮದೇ ಆದ ಚಿಕ್ಕದೊಂದು ಹೊಟ್ಟೆಯಿರುತ್ತದೆ. ಕಾರ್ಡು ಇಲ್ಲದಾಗ ತೆಗೆದ ಫೋಟೊ ಅಲ್ಲಿ ಹೋಗಿ ಕೂರುತ್ತದೆ. ಮತ್ತೆ ಕಾರ್ಡು ಹಾಕಿದರೆ ಕ್ಯಾಮೆರಾ ಕಾರ್ಡಿನದನ್ನಷ್ಟೇ ತೋರಿಸುತ್ತದೆ, ಹೊಟ್ಟೆಯೊಳಗಿನದರ ಬಗ್ಗೆ ಬಾಯಿ ಬಿಡುವುದಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಇದಕ್ಕೇ.

ಆದರೆ ಕೂಸನ್ನು ಎತ್ತಿಕೊಳ್ಳುವುದು ಸುಲಭವಿಲ್ಲ. ಬ್ಯಾಟರಿ ಉಬ್ಬಿ ಸತ್ತಿದೆ. ಚಾರ್ಜರ್ ನಾದಿನಿಯ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಕಳೆದಿದೆ. ಬ್ಯಾಟರಿಯ ಮುಚ್ಚಳದ ಕೊಂಡಿಯೂ ಮುರಿದಿದೆ. ಕೇಬಲಕ್ಕ ಸತ್ತ ಬ್ಯಾಟರಿಯನ್ನು ಅಳತೆಗೆಂದು ಚೀಲಕ್ಕೆ ಹಾಕಿಕೊಂಡು ಎದ್ದು ನಿಲ್ಲುತ್ತಾರೆ. "ನಾಳೆ ಇದೇ ಹೊತ್ತಿಗೆ ಬರ್ತೀನಿ. ಅಲ್ಲಿತನಕ ಇದನ್ನ ಯಾರೂ ಮುಟ್ಟಬೇಡಿ. ಅಣ್ಣಾ, ನೀವಂತೂ ಇದರ ಕಡೆ ನೋಡಲೂಬೇಡಿ."

ಮೊದಲು ಇವರು ಪೇಟೆಬೀದಿಯ ಸ್ಟುಡಿಯೋ ಒಂದರಲ್ಲಿ ಕೌಂಟರಿನ ಹಿಂದೆ ನಿಂತು ಫೋಟೊ ಮುದ್ರಿಸಿ ಕೊಡುತ್ತಿದ್ದರು. ಜನ ಕಾರ್ಡು ತಂದು ಕೊಡುತ್ತಿದ್ದರು, ಇವರು ತೆಗೆದು ಕೊಡುತ್ತಿದ್ದರು. ಒಂದು ದಿನ ಯುವಕನೊಬ್ಬ ತಾನೇ ಮಾಡುತ್ತೇನೆಂದು ಕೂತ. ನಕಲು ಮಾಡುವ ಬದಲು 'ಕಟ್' ಒತ್ತಿ ಸಾಗಿಸಲು ಹೊರಟ. ನಡುವೆ ಕೇಬಲ್ ಅಲುಗಿತು. ಅರ್ಧ ಫೋಟೊ ಇತ್ತ ಬರಲಿಲ್ಲ, ಅತ್ತಲೂ ಉಳಿಯಲಿಲ್ಲ. ಕೌಂಟರಿಗೆ ಹಣೆ ಹಚ್ಚಿ ನಿಂತ ಆ ಹುಡುಗನನ್ನು ಕೇಬಲಕ್ಕ ಇಂದಿಗೂ ಮರೆತಿಲ್ಲ. "ಅವತ್ತಿಂದ ನಂದು ಒಂದೇ ಮಂತ್ರ. ಕಟ್ ಅಲ್ಲ, ಕಾಪಿ," ಎನ್ನುತ್ತಾರೆ.

ಕೈಕೈಯಲ್ಲಿ ಫೋನು ಬಂದಮೇಲೆ ಸ್ಟುಡಿಯೋಗೆ ಬೀಗ ಬಿತ್ತು. ಯಜಮಾನರು ಮನೆ ಸೇರಿದರು. ಕೇಬಲಕ್ಕ ಕೇಬಲ್ಲುಗಳನ್ನು ಕೇಳಿ ಪಡೆದು, ಚೀಲ ಹೆಗಲಿಗೆ ಹಾಕಿ ಬೀದಿಗಿಳಿದರು. "ಹುಚ್ಚು ಹಿಡೀತಾ?" ಎಂದು ಇವರ ಮನೆಯವರು ಕೇಳಿದ್ದುಂಟು. ಕೇಳುವವರು ಕೇಳುತ್ತಿರಲಿ ಎಂದು ಇವರು ನಡೆದರು. ಈಗ ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಕರೆದವರು ಕೆಲಸಕ್ಕೆ ಹೊರಡುವ ಮುಂಚೆಯೇ ಇವರು ಬರುತ್ತಾರೆ, ಏಕೆಂದರೆ ಅವರು ಪಕ್ಕದಲ್ಲಿ ಕೂರದಿದ್ದರೆ ಇವರು ಕ್ಯಾಮೆರಾ ಮುಟ್ಟುವುದೇ ಇಲ್ಲ. ದಾಟಿಸಿದ ಮೇಲೆ ಮೊದಲನೆಯದು, ನಡುವಿನದು, ಕೊನೆಯದು, ಮೂರನ್ನೂ ಅವರೇ ತಮ್ಮ ಕೈಯಿಂದ ತೆರೆದು ನೋಡಬೇಕು. ಫೋಲ್ಡರಿಗೆ ಹೆಸರನ್ನೂ ಅವರೇ ಇಡಬೇಕು, ಮನೆಯಲ್ಲಿ ಆಡುವ ಮಾತಿನಲ್ಲೇ. ಒಂದು ಮನೆಯ ಕಂಪ್ಯೂಟರಿನಲ್ಲಿ 'ದೊಡ್ಡಮ್ಮ ಕೆಸರಲ್ಲಿ ಬಿದ್ದ ದಿನ' ಎಂಬ ಫೋಲ್ಡರ್ ಇಂದಿಗೂ ಇದೆ. ದೊಡ್ಡಮ್ಮನೇ ಇಟ್ಟ ಹೆಸರು. ಕಾರ್ಡು ಅಳಿಸಿಕೊಡಿ ಎಂದು ಯಾರಾದರೂ ಗೋಗರೆದರೆ ಇವರು ಜಗ್ಗುವವರಲ್ಲ. ಅದನ್ನು ಬಟ್ಟೆಚೂರಿನಲ್ಲಿ ಕಟ್ಟಿ ಕೈಗಿಡುತ್ತಾರೆ: "ಒಂದು ತಿಂಗಳು ಹೀಗೇ ಇರಲಿ. ಆಮೇಲೆ ನಿಮ್ಮಿಷ್ಟ."

ಅದೇ ದಿನ ಮಧ್ಯಾಹ್ನ ಸ್ಟುಡಿಯೋ ಯಜಮಾನರ ಮನೆಯ ಅಟ್ಟದಿಂದ ರಟ್ಟಿನ ಡಬ್ಬವೊಂದು ಇಳಿಯುತ್ತದೆ. ಅದರ ತುಂಬ ಹಳೆಯ ಬ್ಯಾಟರಿ, ಚಾರ್ಜರುಗಳು. ಕೇಬಲಕ್ಕ ನೆಲದ ಮೇಲೆ ಕೂತು ಒಂದೊಂದನ್ನೇ ಸತ್ತ ಬ್ಯಾಟರಿಯ ಪಕ್ಕ ಇಟ್ಟು ನೋಡುತ್ತಾರೆ. ಸಂಜೆಯ ಬಿಸಿಲು ಗೋಡೆ ಏರುವ ಹೊತ್ತಿಗೆ ಒಂದು ಸರಿಹೊಂದುತ್ತದೆ, ಡಬ್ಬದ ಚಾರ್ಜರಿನಲ್ಲಿ ಅದಕ್ಕೆ ಜೀವವೂ ಬರುತ್ತದೆ.

"ಕಾಲು ಗಂಟೆ ಬಂದ್ರೆ ಅದೇ ದೊಡ್ಡದು," ಎಂದು ಯಜಮಾನರು ಎಚ್ಚರಿಸುತ್ತಾರೆ. "ಮುದುಕ ಬ್ಯಾಟರಿ, ನನ್ನ ಹಾಗೇ. ಒಂದು ಮಹಡಿ ಹತ್ತಿದ್ರೆ ಸುಸ್ತು."

"ಹತ್ತಿದ್ರೆ ಸಾಕು ಬಿಡಿ. ಇಳಿಸೋದು ನಾನು ನೋಡ್ಕೋತೀನಿ," ಎಂದು ಕೇಬಲಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

ಮರುದಿನ ಬೆಳಗ್ಗೆ ಮತ್ತೆ ಅದೇ ಕೋಣೆ. ಕಾರ್ಡು ಹೊರಗೆ, ಬ್ಯಾಟರಿ ಒಳಗೆ. ಮುಚ್ಚಳ ನಿಲ್ಲುವುದಿಲ್ಲವಾದ್ದರಿಂದ ಕೇಬಲಕ್ಕನ ಎಡಗೈ ಹೆಬ್ಬೆರಳೇ ಈಗ ಕೊಂಡಿ. ಕೇಬಲ್ಲಿನ ಒಂದು ತುದಿ ಕ್ಯಾಮೆರಾಗೆ, ಇನ್ನೊಂದು ಕಂಪ್ಯೂಟರಿಗೆ. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳು ಮೂಡುತ್ತವೆ. ಹಗ್ಗ. ಗಂಟು. ಮರ.

"ಅಪ್ಪನ ಗಂಟು!" ನೇಕಾರಳು ಎರಡೇ ಹೆಜ್ಜೆಗೆ ಕುರ್ಚಿಯ ಬಳಿ ಬರುತ್ತಾಳೆ.

"ಎಲ್ಲಾ ಒಟ್ಟಿಗೆ ಎಳೆಯಕ್ಕೆ ಹೋದ್ರೆ ನಡುವೆ ಸತ್ತೋಗುತ್ತೆ. ಒಂದೊಂದೇ ತರೋಣ. ಯಾವುದು ಮೊದಲು ಬೇಕು? ಬೇಗ ಹೇಳು ತಂಗಿ."

"ಕೆಳಗಿಂದು. ತುಳಿಹಲಗೇದು. ಅದು ಸಿಕ್ಕಿದ್ರೆ ಉಳಿದದ್ದು ಹೇಗಾದ್ರೂ ಆಗುತ್ತೆ."

ಬಲಗೈ ಮೌಸಿನ ಮೇಲೆ, ಎಡಗೈ ಮುಚ್ಚಳದ ಮೇಲೆ. ಮೊದಲ ಹಲಗೆ ಬರುತ್ತದೆ. ಎರಡನೆಯದು. ಮೂರನೆಯದರ ಹಸಿರು ಪಟ್ಟಿ ಅರ್ಧಕ್ಕೆ ನಿಂತಾಗ ಭಾವನ ಕೈ ತಂತಾನೇ ಕೇಬಲ್ಲಿನ ಕಡೆ ಹೊರಡುತ್ತದೆ. "ಸ್ವಲ್ಪ ಒತ್ತಿದ್ರೆ..." "ಅಣ್ಣಾ, ಕೈ ಕಟ್ಕೊಂಡು ಕೂತ್ಕೊಳ್ಳಿ!" ಭಾವ ನಿಜಕ್ಕೂ ಕೈಕಟ್ಟಿ ಕೂರುತ್ತಾರೆ. ಅವರು ಅಷ್ಟು ಸುಮ್ಮನಿದ್ದದ್ದನ್ನು ಹೆಂಡತಿ ಮದುವೆಯಾದಾಗಿನಿಂದ ಕಂಡಿಲ್ಲ.

ನಾಲ್ಕನೆಯದಾದ ಮೇಲೆ ಕ್ಯಾಮೆರಾ ಕಣ್ಣು ಮುಚ್ಚುತ್ತದೆ. ಕೇಬಲಕ್ಕ ಬ್ಯಾಟರಿ ತೆಗೆದು, ಎರಡೂ ಅಂಗೈ ನಡುವೆ ಇಟ್ಟು ಬಿಸಿ ಮಾಡುತ್ತ ಕೂರುತ್ತಾರೆ. ತಣ್ಣಗಿನ ಬೆಳಗಿಗೆ ಮುದುಕರ ಕೈಕಾಲು ಮರಗಟ್ಟುವಂತೆ ಬ್ಯಾಟರಿಗೂ ಆಗುತ್ತದಂತೆ. "ಭಯ ಆಗ್ತಿದೆಯಾ ಅಕ್ಕಾ?" ಎಂದು ನೇಕಾರಳು ಪಿಸುಗುಡುತ್ತಾಳೆ. "ಆಗ್ದೆ ಇರುತ್ತಾ? ಆಗುತ್ತೆ," ಎನ್ನುತ್ತಾರೆ ಕೇಬಲಕ್ಕ. "ಭಯ ಅದರ ಪಾಡಿಗೆ ಇರಲಿ, ಕೈ ಅದರ ಪಾಡಿಗೆ ಕೆಲಸ ಮಾಡ್ಲಿ."

ಬ್ಯಾಟರಿ ಮತ್ತೆ ಒಳಗೆ. ಹೆಬ್ಬೆರಳು ಮತ್ತೆ ಮುಚ್ಚಳದ ಮೇಲೆ. ಕ್ಯಾಮೆರಾ ಕಣ್ಣು ಬಿಡುತ್ತದೆ. ಐದನೆಯ ಹಲಗೆ, ಆರನೆಯದು. ಆಮೇಲೆ ಮೇಲಿನ ಗಂಟುಗಳು, ಒಂದರ ಹಿಂದೆ ಒಂದು. ಕೊನೆಯಲ್ಲಿ ಎರಡು ಫೋಟೊಗಳ ತುಂಬ ಬರೀ ಗುಲಾಬಿ ಬಣ್ಣ. ಅದು ಭಾವನ ಬೆರಳು. "ಇವನ್ನೂ ಇಟ್ಕೋಬೇಕಾ?" ಎಂದು ಹೆಂಡತಿ ಕೇಳಿದ್ದಕ್ಕೆ ಕೇಬಲಕ್ಕ ಗಂಭೀರವಾಗಿ ಹೌದೆನ್ನುತ್ತಾರೆ. ಆ ಎರಡಕ್ಕೇ ಕ್ಯಾಮೆರಾದ ಚಿಕ್ಕ ಹೊಟ್ಟೆ ತುಂಬಿತ್ತು. ಆಮೇಲೆ ಭಾವ ಎಷ್ಟೇ ಒತ್ತಿದ್ದರೂ ಏನೂ ದಾಖಲಾಗಿಲ್ಲ. ತಪ್ಪಿಹೋದದ್ದು ಕಂಬ, ಅಡ್ಡಮರಗಳು ಮಾತ್ರ. ಅವನ್ನು ನೇಕಾರಳು ಕಣ್ಣುಮುಚ್ಚಿ ಜೋಡಿಸಬಲ್ಲಳು.

ಕೇಬಲಕ್ಕ ಹೆಬ್ಬೆರಳು ಎತ್ತಿದಾಗ ಮುಚ್ಚಳದ ಅಂಚು ಚರ್ಮದಲ್ಲಿ ಆಳವಾಗಿ ಮೂಡಿದೆ. ನೇಕಾರಳು ಆ ಕೈಯನ್ನು ಹಿಡಿದುಕೊಂಡು ಗುರುತನ್ನು ಮೆಲ್ಲಗೆ ತಿಕ್ಕುತ್ತಾಳೆ. ಕೇಬಲಕ್ಕನಿಗೆ ಮುಜುಗರ. "ಬಿಡು ತಂಗಿ, ಇನ್ನೂ ಕೆಲಸ ಇದೆ. ಮೊದಲನೇದು ನೀನೇ ತೆಗೆದು ನೋಡು. ಹೆಸರು ಹಾಕು." ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ: ಅಪ್ಪನ ಮಗ್ಗ.

ಭಾನುವಾರ ಮರದ ವ್ಯಾಪಾರಿ ಬರುತ್ತಾನೆ. ನೇಕಾರಳ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಒಳಗೆ ಮಗ್ಗ ಕೋಣೆ ತುಂಬ ಎದ್ದು ನಿಂತಿದೆ, ಅದರ ಕೆಳಗೆ ಭಾವ ಅಂಗಾತ ಮಲಗಿ ಹಗ್ಗ ಎಳೆಯುತ್ತಿದ್ದಾರೆ. ವ್ಯಾಪಾರಿ ಒಂದು ಗಳಿಗೆ ನಿಂತು, ಅವಳು ಹಲಗೆ ತುಳಿದಾಗ ಎಳೆಗಳು ಏಳುವುದನ್ನು ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗುತ್ತಾನೆ.

ಆ ವಾರವೇ ಕೇಬಲಕ್ಕನಿಗೆ ಅದೇ ಮೂರನೇ ಮಹಡಿಯಿಂದ ಇನ್ನೊಂದು ಕರೆ ಬರುತ್ತದೆ. ಕ್ಯಾಮೆರಾಗೆ ಹೊಸ ಬ್ಯಾಟರಿ ಹಾಕಿ, ಮುಚ್ಚಳಕ್ಕೆ ರಬ್ಬರು ಬಿಗಿದು, ಕಟ್ಟಿ ನಿಲ್ಲಿಸಿದ ಮಗ್ಗವನ್ನು ಭಾವ ಮೇಲಿನಿಂದ ಕೆಳಗಿನವರೆಗೆ ಫೋಟೊ ತೆಗೆದಿದ್ದಾರೆ, ಕಾರ್ಡು ಒಳಗಿದೆಯೇ ಎಂದು ಮತ್ತೆ ಮತ್ತೆ ತೆರೆದು ನೋಡಿ. ಕೇಬಲಕ್ಕ ಪ್ಲಾಸ್ಟಿಕ್ ಕುರ್ಚಿಯ ಕಡೆ ನಡೆಯುವಷ್ಟರಲ್ಲಿ ಭಾವನೇ ಹೋಗಿ ಅದರಲ್ಲಿ ಕೂರುತ್ತಾರೆ. ಕಾರ್ಡನ್ನು ರೀಡರಿಗೆ ಹಾಕುತ್ತಾರೆ. ಮೌಸು ಹಿಡಿದ ಕೈ ಒಂದು ಕ್ಷಣ ತಡೆಯುತ್ತದೆ. "ಕಟ್ ಅಲ್ಲ, ಕಾಪಿ. ಗೊತ್ತು, ಗೊತ್ತು, ಹೇಳ್ಬೇಡಿ." ಹಸಿರು ಪಟ್ಟಿ ತುಂಬುತ್ತದೆ. ಹೊಸ ಫೋಲ್ಡರಿಗೆ ಏನು ಹೆಸರು ಎಂದು ನಾದಿನಿಯನ್ನು ಕೇಳುತ್ತಾರೆ. ಅವಳು ತನ್ನ ಅಂಗೈಯಲ್ಲಿ ಹಗ್ಗ ಎಳೆದ ಗಾಯಗಳನ್ನು ಸವರಿಕೊಂಡು ಹೇಳುತ್ತಾಳೆ: "ನನ್ನ ಮಗ್ಗ ಅಂತ ಹಾಕಿ ಭಾವ."

ಮುಂದೆ ಈ ಕ್ಯಾಮೆರಾಗಳೆಲ್ಲ ಮುಗಿದುಹೋದರೆ ಏನು ಮಾಡುತ್ತೀರಿ ಎಂದು ಜೊತೆಯಲ್ಲಿ ಮೆಟ್ಟಿಲಿಳಿಯುತ್ತ ನಾವು ಕೇಳಿದರೆ ಕೇಬಲಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ. "ಮುಗೀಲಿ ಬಿಡಿ. ಒಂದು ಮನೆಗೆ ನನ್ನನ್ನ ಎರಡನೇ ಸಲ ಕರೆಯೋ ಹಾಗೆ ಆಗಬಾರದು, ನನ್ನ ಆಸೆ ಅಷ್ಟೇ." ಎರಡು ಮೆಟ್ಟಿಲು ಇಳಿದು ನಿಲ್ಲುತ್ತಾರೆ. ಮೇಲಿನಿಂದ ಭಾವನ ದನಿ ಕೇಳುತ್ತಿದೆ. ಕಾಪಿ ಮಾಡುವುದು ಹೇಗೆಂದು ಅವರೀಗ ಹೆಂಡತಿಗೆ ಪಾಠ ಹೇಳುತ್ತಿದ್ದಾರೆ.

"ಇವತ್ತು ನಾನು ಕೈ ಹಾಕಲೇ ಇಲ್ಲ, ನೋಡಿದ್ರಾ?" ಎನ್ನುತ್ತಾರೆ ಕೇಬಲಕ್ಕ.