ನಾನಂದ ‘ಆಯ್ತು’

ನಮ್ಮ ಸಾಹೇಬರು ಕನ್ನಡ ಬಳಸುತ್ತಿದ್ದುದು ನನ್ನನ್ನು ಬೈಯುವುದಕ್ಕೆ, ಇಲ್ಲವೇ ನನ್ನೆದುರು ಉಳಿದವರನ್ನು ಬೈಯುವುದಕ್ಕೆ. ತಮಿಳು ಸೀಮೆಯ ಗಿಂಡಿಯಲ್ಲಿದ್ದ ಆ ಆಫೀಸಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಅವರು ಮೈಸೂರಿನವರು, ನಾನು ಮಂಡ್ಯದ ಕಡೆಯವಳು. ಪರವೂರಿನಲ್ಲಿ ಮಗಳಿಗೆ ನಮ್ಮವರೊಬ್ಬರು ಸಿಕ್ಕರೆಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ತುಪ್ಪ ದಂಡ.

ನಮ್ಮ ಕೆಲಸ ಕಡಲೊಳಗಿನ ಸದ್ದು ಕೇಳುವುದು. ಮೈಕು, ರೆಕಾರ್ಡರ್ ಇರುವ ಕೊಳವೆಯೊಂದನ್ನು ದೋಣಿಯಿಂದ ಇಳಿಸುತ್ತೇವೆ. ಕೆಳಗೆ ಅದನ್ನು ತಳಕ್ಕೆ ಹಿಡಿದಿಡುವ ಭಾರ, ಮೇಲೆ ಅದನ್ನು ಎತ್ತಿ ನಿಲ್ಲಿಸುವ ತೇಲುಗುಂಡುಗಳು. ಕೆಲವು ತಿಂಗಳ ಮೇಲೆ ಅದೇ ಜಾಗಕ್ಕೆ ಹೋಗಿ ನೀರಿನೊಳಕ್ಕೆ ಸಂಕೇತದ ಸದ್ದು ಕಳಿಸಿದರೆ, ಕೊಳವೆಯ ಬುಡದ ಕೊಕ್ಕೆ ಅದಕ್ಕೆ ಉತ್ತರ ಕೊಟ್ಟು ಭಾರವನ್ನು ಬಿಟ್ಟುಬಿಡುತ್ತದೆ. ಗುಂಡುಗಳು ಉಳಿದದ್ದನ್ನೆಲ್ಲ ಮೇಲಕ್ಕೆ ತರುತ್ತವೆ. ಆ ಸಲದ ರೆಕಾರ್ಡಿಂಗಿನ ಮೇಲೆ ನನ್ನ ಗುತ್ತಿಗೆ ನಿಂತಿತ್ತು. ಕೊಳವೆ ಬಂದರೆ ಮುಂದಿನ ವರ್ಷವೂ ಕೆಲಸ, ಬಾರದಿದ್ದರೆ ಗಂಟುಮೂಟೆ.

ಇಳಿಸುವ ದಿನ ಅಲೆ ಜೋರಿತ್ತು. ಗುಂಡುಗಳನ್ನು ಕೊಳವೆಗೆ ಸೇರಿಸುವ ಕಬ್ಬಿಣದ ಕೊಂಡಿಯ ತಿರುಪು ಸಡಿಲವಾಗದಂತೆ ಅದಕ್ಕೆ ತಂತಿ ಸುತ್ತಿ ಬಿಗಿಯಬೇಕು.

“ಆ ಕೊಂಡಿಗೆ ತಂತಿ ಬಿಗಿಯಮ್ಮ” ಎಂದರು ಸಾಹೇಬರು.

“ಆಯ್ತು ಸಾರ್” ಎಂದೆ. ಸರಿ, ಬಿಗಿಯುತ್ತೇನೆ ಅಂತ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು, ದಡ ಸೇರುವ ಅವಸರ. ದೋಣಿಯವರ ಕಡೆ ತಿರುಗಿ ತಮಿಳಿನಲ್ಲಿ “ಆಚ್ಚು, ವಿಡುಂಗೊ” ಎಂದುಬಿಟ್ಟರು. ಮುಗೀತು, ಬಿಡಿ ಅಂತ. “ಸಾರ್, ಇನ್ನೂ ಬಿಗಿದಿಲ್ಲ” ಎನ್ನುವಷ್ಟರಲ್ಲಿ ಎಲ್ಲವೂ ನೀರು ಸೇರಿತ್ತು. ತಂತಿ ನನ್ನ ಕೈಯಲ್ಲೇ ಇತ್ತು. ಅವರು ಅದನ್ನು ನೋಡಿದರು.

“ಹೋಗ್ಲಿ ಬಿಡು, ಏನೂ ಆಗಲ್ಲ” ಎಂದು ಹೇಳಿ ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿಕೊಂಡರು.

ವಾಪಸ್ ತರಲು ಹೋದ ದಿನ ಕಡಲು ತಣ್ಣಗಿತ್ತು. ಸಂಕೇತ ಕಳಿಸಿದೆ. ತಳದಿಂದ ಉತ್ತರ ಬಂತು: ಇದ್ದೇನೆ, ಭಾರ ಬಿಟ್ಟಿದ್ದೇನೆ. ದೋಣಿಯವರೆಲ್ಲ ಒಂದೊಂದು ದಿಕ್ಕಿಗೆ ಕಣ್ಣು ನೆಟ್ಟು ನಿಂತರು. ಏನೂ ಮೇಲೆ ಬರಲಿಲ್ಲ. ಕೊಂಡಿ ಎಂದೋ ಬಿಚ್ಚಿಕೊಂಡು ಗುಂಡುಗಳು ಎತ್ತಲೋ ತೇಲಿಹೋಗಿದ್ದವು. ಎತ್ತುವವರಿಲ್ಲದ ಕೊಳವೆ ಕೆಸರಿನಲ್ಲಿ ಮಲಗಿತ್ತು. ಮತ್ತೆ ಕರೆದೆ, ಮತ್ತೆ ಓಗೊಟ್ಟಿತು. ಅದು ಉತ್ತರ ಕೊಡದೇ ಇದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

“ಇನ್ನೊಂದ್ಸಲ ಕರಿ, ಅತ್ಕೊಂಡು ಕರಿ. ಹೆಣ್ಮಕ್ಕಳು ಅತ್ರೆ ಬಂದ್ರೂ ಬರಬಹುದು” ಎಂದರು ಸಾಹೇಬರು. ಅವರ ಮಾತು ಅರ್ಥವಾಗದ ದೋಣಿಯವರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಕತ್ತಲಾಗುವವರೆಗೂ ಸಾಹೇಬರು ನನ್ನಿಂದ ಕರೆಸಿದರು.

ವಿಚಾರಣೆಗೆ ಕೂತ ಹಿರಿಯರೆಲ್ಲ ತಮಿಳರು, ಒಳ್ಳೆಯವರೇ. ಮಾತು ಇಂಗ್ಲಿಷಿನಲ್ಲಿ ನಡೆಯಿತು. “ತಂತಿ ಬಿಗಿದಾಯಿತು ಎಂದು ಆಕೆಯೇ ಹೇಳಿದಳು, ನಾನು ನಂಬಿದೆ” ಎಂದರು ಸಾಹೇಬರು. ನಾನು ಹೇಳಿದ್ದು ಬರೀ ‘ಆಯ್ತು’ ಎಂದೆ. ಹಾಗೆಂದರೇನು ಎಂದು ಒಬ್ಬರು ಕೇಳಿದರು. ಸಾಹೇಬರು ನಕ್ಕು, ನಿಮ್ಮ ‘ಆಚ್ಚು’ ಇದ್ದ ಹಾಗೆಯೇ, ಮುಗಿಯಿತು ಅಂತ, ಎಂದರು. ಸರಿ ಎನ್ನುವುದಕ್ಕೂ ನಾವು ಅದನ್ನೇ ಅನ್ನುತ್ತೇವೆ ಎಂದೆ. ಕೇಳಿದವರು ಮರುಕದಿಂದ ನನ್ನನ್ನು ನೋಡಿದರು. ಸಿಕ್ಕಿಬಿದ್ದವಳು ಹೊಸ ಅರ್ಥ ಹುಟ್ಟಿಸುತ್ತಿದ್ದಾಳೆ ಎಂದುಕೊಂಡಿರಬೇಕು. ಆ ಕೋಣೆಯಲ್ಲಿ ನಾನು ನಿಜ ಹೇಳುತ್ತಿದ್ದೇನೆಂದು ಗೊತ್ತಿದ್ದವರು ಒಬ್ಬರೇ. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ಅಷ್ಟು ದ್ವೇಷ ನನ್ನೊಳಗೆ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗುತ್ತಿಗೆ ಮುಂದುವರಿಯಲಿಲ್ಲ. ಹೊರಡುವ ದಿನ ಸಾಹೇಬರು ಲಿಫ್ಟಿನವರೆಗೂ ಬಂದರು. ಮೊದಲ ಸಲ ನನ್ನೊಡನೆ ಮೆತ್ತಗೆ ಕನ್ನಡ ಮಾತಾಡಿದರು.

“ಬೇಜಾರ್ ಮಾಡ್ಕೋಬೇಡಮ್ಮ. ನೀನು ಕನ್ನಡದವಳಾಗಿದ್ದು ಒಳ್ಳೇದಾಯ್ತು. ಇಲ್ಲಿಯವಳಾಗಿದ್ದಿದ್ರೆ ಯಾರಾದ್ರೂ ನಿನ್ನ ಪರ ನಿಂತ್ಕೊಂಡಿರೋರು, ನನಗೆ ಕಷ್ಟ ಆಗ್ತಿತ್ತು.”

ಅದನ್ನು ಅವರು ನಿಜವಾದ ಕೃತಜ್ಞತೆಯಿಂದಲೇ ಹೇಳಿದರು.